ಅಡಗಿ ಮಾಡಾಕಿನ್ನ ಕೇಳಲಾರದ ಸಿಲಿಂಡರ್ ತರಬ್ಯಾಡ್ರಿ

ಬನದ ಹುಣ್ಣಿವಿಗೆ ಬಾದಾಮಿ ಬನಶಂಕರಿ, ಭಾರತ ಹುಣ್ಣಿವಿಗೆ ಸವದತ್ತಿ ಎಲ್ಲಮ್ಮನ ಗುಡ್ಡ, ಯುಗಾದಿ ಮುಂದ ಶ್ರೀಶೈಲ. ಪ್ಯಾಟ್ಯಾಗಿನ ಮಂದಿ ಕ್ಯಾಂಪಿಂಗ್ ಅಂತ ಹೊಸದಾಗಿ ಕಲಿಯಾಕತ್ತಾರಲ್ಲ, ನಾವು ರೋಣದ ಕಡಿಯವರು ಅದನ್ನ ಟ್ರ್ಯಾಕ್ಟರ್ ಟ್ರೇಲಿ ಮ್ಯಾಲ ತಾಡಪತ್ರಿ ಕಟ್ಟಿ ಅಜ್ಜಿ ಕಾಲದಿಂದ ಮಾಡ್ಕೋತ ಬಂದೀವಿ. ಮೊದಲ ಮೂರು ಕಲ್ಲು, ಕಟ್ಟಿಗಿ. ಈಗ ಗ್ಯಾಸು. ಅಡಗಿ ನಾವ ಮಾಡ್ತೀವಿ, ಖರೆ ಆ ಗ್ಯಾಸ್ ತರೂ ಕೆಲಸ ಮಾತ್ರ ಒಲಿ ಮುಂದ ಒಂದ್ ತಾಸೂ ಕುಂತಿಲ್ಲದ ಗಂಡಸರದು. ನನ್ನ ತಕರಾರು ಇದ.

ಅವರು ತರೂದ್ಯಾವುದು? ಪ್ಯಾಟ್ಯಾಗ ಸಿಗೂ ಸಣ್ಣ ಗುಂಡನ ಡಬ್ಬಿ, ಅದರ ನೆತ್ತಿ ಮ್ಯಾಲ ತಿರುವಿ ಕೂಡಿಸೂ ಬರ್ನರ್. ಐಎಸ್‌ಐ ಗುರುತಿಲ್ಲ, ಪರೀಕ್ಷೆ ಮಾಡಿದ ತಾರೀಖಿಲ್ಲ, ರೆಗ್ಯುಲೇಟರ್ ಅಂತೂ ಇಲ್ಲೇ ಇಲ್ಲ. ಕೇಳಿದ್ರ "ಗ್ಯಾಸ್ ಎಲ್ಲಾ ಒಂದ ಅಲ್ಲೇನು?" ಅಂತಾರ. ಹೌದ್ರೀ ಮಾವಾರ, ಗ್ಯಾಸ್ ಒಂದ. ಅದನ್ನ ಹಿಡಿದಿಡೂ ಡಬ್ಬಿ ಒಂದ ಅಲ್ಲ, ಕೆಳಗ ಬಿಡೂ ಬಾಗಿಲಾನೂ ಒಂದ ಅಲ್ಲ.

ಲೆಕ್ಕ ಹೇಳ್ತೀನಿ ಕೇಳ್ರಿ. ನಮ್ಮ ಕಡೆ ಬ್ಯಾಸಿಗ್ಯಾಗ ಸಿಲಿಂಡರ್ ಒಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಐದಾರು ಕಿಲೋಕ್ಕ ಸುಮ್ನ ಹೋಗ್ತೈತಿ. ನಮ್ಮ ಮನಿ ಒಲಿ ತಡಿಯೂದು ಬರೇ 30 ಗ್ರಾಂ. ನಡುವಿನ ಆ ರೆಗ್ಯುಲೇಟರ್ ಅನ್ನೂದು ಬರೇ ಹಚ್ಚಿ ಆರಿಸೂ ತಿರುವಲ್ಲ. ಕಿಲೋ ಗಟ್ಟಲೆ ಒತ್ತಡಾನ ಗ್ರಾಂಗೆ ಇಳಿಸೂ ಕೆಲಸ ಅದರದು. ಅದಕ್ಕ ಮಿರ್ಚಿ ಭಜಿ ಅಂಗಡ್ಯಾಗಿನ ಹೈ ಪ್ರೆಶರ್ ರೆಗ್ಯುಲೇಟರ್ ಕೇಳಿ ತಂದು ಮನಿ ಒಲಿಗೆ ಹಚ್ಚಿದ್ರ ಉರಿ ಪಾತ್ರಿ ಬಿಟ್ಟು ಸೀರಿ ಸೆರಗು ಹುಡುಕ್ತೈತಿ. ಅದು ಭಟ್ಟಿಗೆ ಮಾಡಿದ್ದು. ಅದು ಕೆಟ್ಟದ್ದಲ್ಲ, ನಮ್ಮ ಒಲಿಗೆ ಜೋಡಿ ಅಲ್ಲ ಅಷ್ಟ.

ಸೈಜಿಂದೂ ಹಂಗ. ನಮ್ಮ ಮನಿ ಸಿಲಿಂಡರ್ ವಾಲ್ವ್ 22 ಮಿಲಿಮೀಟರಿಂದು. 20, 21, 27 ಅಂತ ಬ್ಯಾರೆ ಬ್ಯಾರೆ ದೇಶದಾಗ ಬ್ಯಾರೆ ಬ್ಯಾರೆ ಅಳತಿ ಅದಾವ, ಮೊಬೈಲ್ ಒಳಗ ನೋಡಿದ್ರ ಎಲ್ಲಾ ಒಂದ ತಾಯಿ ಮಕ್ಕಳಂಗ ಕಾಣ್ತಾವ. ಒಂದು ಮಿಲಿಮೀಟರ್ ಫರಕಿಗೆ ಬಟ್ಟಿ ಸುತ್ತಿ, ಟೇಪ್ ಹಚ್ಚಿ ಕೂಡಿಸ್ತೀನಿ ಅಂದಾಂವನ ಕೈಯಾಗಿಂದ ಕಸಗೊಳ್ರಿ. ಟಕ್ ಅಂತ ತಾನ ಕುಂದರದ ರೆಗ್ಯುಲೇಟರ್ ಆ ಸಿಲಿಂಡರಿಂದಲ್ಲ.

ಇನ್ನ ಆ ಸಣ್ಣ ಡಬ್ಬಿ ತುಂಬೂದು ನೋಡೀರೇನು? ದೊಡ್ಡ ಸಿಲಿಂಡರ್ ಬೋರಲ ಹಾಕಿ, ಒಂದು ಪೈಪ್ ಹಚ್ಚಿ, "ತುಂಬೇತಿ ನೋಡ್ರಿ" ಅಂತ ಕೊಡ್ತಾರ. ತೂಕ ಇಲ್ಲ, ಮಾಪ ಇಲ್ಲ. ಹಂಗ ಒಂದರಿಂದ ಒಂದಕ್ಕ ತುಂಬಬಾರದಂತ ಕೇಂದ್ರ ಸರಕಾರದ 2000ನೇ ಇಸ್ವಿ ಆದೇಶಾನ ಐತಿ. ಕಾನೂನು ಬಾಜೂಕಿಡ್ರಿ. ಇಡ್ಲಿ ಹಿಟ್ಟು ರುಬ್ಬಿ ಡಬ್ಬಿ ಕಂಠಮಟ ತುಂಬಿ ಮುಚ್ಚಳ ಬಿಗಿದು ಇಡ್ತೇವೇನು ನಾವು? ಉಬ್ಬಾಕ ಜಾಗ ಬಿಡ್ತೇವಿ. ಗ್ಯಾಸೂ ಒಳಗ ನೀರಿನಂಗ ಇರ್ತೈತಿ, ಬಿಸಲಿಗೆ ಉಬ್ಬತೈತಿ. ಕಂಪನಿ ಸಿಲಿಂಡರಿನಾಗ ಸುಮಾರು ನೂರಕ್ಕ 15 ಪಾಲು ಜಾಗ ಬರೇದ ಬಿಟ್ಟಿರ್ತಾರ. ಈ ಡಬ್ಬಿ ತುಂಬಾಂವಗ ಆ ಜಾಗ ಬಿಟ್ರ ಲುಕ್ಸಾನು. ಮತ್ತ ಅದನ್ನ ಇಡೂದೆಲ್ಲಿ? ಮಕ್ಕಳು ಕುಂತ ಟ್ರೇಲಿ ಒಳಗ, ಸುಡು ಬಿಸಲಾಗ.

"ಮನಿ ಸಿಲಿಂಡರ್ ಎತ್ತಾಕ ಆಗಂಗಿಲ್ಲ" ಅನ್ನೂದು ಖರೆ ಮಾತು. 14.2 ಕಿಲೋ ಗ್ಯಾಸು, ಅಷ್ಟ ತೂಕದ ಕಬ್ಬಿಣ. ಅದಕ್ಕಂತ 5 ಕಿಲೋದ್ದು ಐತಲ್ಲ. ಇಂಡೇನ್ ಚೋಟು ಅಂತಾರ, ಎಚ್‌ಪಿ ಅಪ್ಪು ಅಂತಾರ. ಗುರುತಿನ ಚೀಟಿ ತೋರಿಸಿದ್ರ ಸಾಕು, ಹೊಸ ಕನೆಕ್ಷನ್ ಬೇಕಿಲ್ಲ. ಕಿಲೋಕ್ಕ ಲೆಕ್ಕ ಹಾಕಿದ್ರ ಮನಿ ಗ್ಯಾಸಿಗಿಂತ ತುಟ್ಟಿ, ಅದನ್ನ ನಾ ಮುಚ್ಚಿಡಂಗಿಲ್ಲ. ಜಾತ್ರ್ಯಾಗ ಎರಡು ದಿನದಾಗ ಬಳಿ, ಬೆಂಡು ಬತ್ತಾಸು, ನಾಟಕದ ಟಿಕೀಟು ಅಂತ ಹೋಗೂ ರೊಕ್ಕಕ್ಕ ಇಲ್ಲದ ಲೆಕ್ಕ ಇದಕ್ಕ ಮಾತ್ರ ಯಾಕ? ತರೂ ಮುಂದ ಅಲ್ಲೇ, ಅವರ ಕಡಿಂದನ ಅದಕ್ಕ ಕೂಡೂ ರೆಗ್ಯುಲೇಟರ್ ಹಾಕಿಸಿ ನೋಡ್ರಿ. ಹಿಡಿಕಿ ಕೆಳಗಿನ ಪಟ್ಟಿ ಮ್ಯಾಲ ಒಂದು ಅಕ್ಷರ, ಒಂದು ಇಸ್ವಿ ಬರದಿರ್ತೈತಿ. ಎ ಅಂದ್ರ ಮಾರ್ಚ್ ತನಕ, ಬಿ ಜೂನ್, ಸಿ ಸಪ್ಟೆಂಬರ್, ಡಿ ಡಿಸೆಂಬರ್. ಆ ತಿಂಗಳು ದಾಟಿದ್ದಿದ್ರ ಹೊಳ್ಳಿ ಕೊಡ್ರಿ. ವಾಲ್ವ್ ಒಳಗಿನ ಕರೀ ರಬ್ಬರ್ ಉಂಗುರ ಐತೋ ಇಲ್ಲೋ ಬಗ್ಗಿ ನೋಡ್ರಿ. ಪೈಪ್ ಸುರಕ್ಷಾ ಪೈಪ ಆಗಬೇಕು, ಐದು ವರ್ಷ ಆತಂದ್ರ ಬದಲಿ. ಹಸಿರ ನೀರಿನ ಪೈಪ್ ಕತ್ತರಿಸಿ ಹಚ್ಚಿದ್ದೂ ನೋಡೇನಿ ನಾನು!

ಬೆಂಗಳೂರಾಗಿನ ಹುಡುಗರು ಊರಿಗೆ ಬರೂ ಮುಂದ ಇನ್ನೊಂದು ತರ್ತಾರ, ಸೂಟ್‌ಕೇಸಿನಂಥಾ ಒಲಿ, ಬಾಜೂಕ ಬ್ಯುಟೇನ್ ಡಬ್ಬಿ. ಚಹಾಕ್ಕ ಅಡ್ಡಿಯಿಲ್ಲ. ರೆಗ್ಯುಲೇಟರ್ ಒಲಿಯಾಗ ಇರ್ತೈತಿ, ಡಬ್ಬಿ ಕಂಠದ ಕಚ್ಚು ಒಲಿ ಕಚ್ಚಿಗೆ ಕೂಡಬೇಕು, ಮುಗದ ಡಬ್ಬಿ ತಿರುಗಿ ತುಂಬಬಾರದು. ಆದ್ರ ಅದರ ಮ್ಯಾಲ ನಮ್ಮ ಜ್ವಾಳದ ರೊಟ್ಟಿ ಹಂಚು ಇಡಬ್ಯಾಡ್ರಿ. ಅಗಲಾದ ಹಂಚು ಡಬ್ಬಿ ಇರೂ ಖಾನೇದ ಮ್ಯಾಲೂ ಚಾಚತೈತಿ, ಕಾವು ಕೆಳಗ ಹೊಡಿತೈತಿ, ಡಬ್ಬಿ ಕಾಯತೈತಿ. ಆ ಒಲಿ ಮಾಡಿದಾಂವಗ ರೊಟ್ಟಿ ಬಡ್ಯಾಕಿ ಕಂಡಿಲ್ಲ.

ಹೊಳೆಆಲೂರಾಗ ರೈಲು ಹತ್ತಿ ಹೋಗೂ ಯಾತ್ರಿಗಂತೂ ಯಾವ ಸಿಲಿಂಡರೂ ಬ್ಯಾಡ. ರೈಲಿನಾಗ ಒಯ್ಯೂದ ಅಪರಾಧ. 2023ರ ಆಗಸ್ಟ್ 26ಕ್ಕ ಮದುರೈ ನಿಲ್ದಾಣದಾಗ, ಲಖನೌದಿಂದ ಯಾತ್ರಿಗೆ ಬಂದವರು ಡಬ್ಬ್ಯಾಗ ಕದ್ದು ಒಯ್ದಿದ್ದ ಸಿಲಿಂಡರಿನಿಂದ ಬೆಂಕಿ ಬಿದ್ದು 9 ಮಂದಿ ಹ್ವಾದ್ರು. ನಸುಕಿನ್ಯಾಗ, ಒಂದ್ ವಾಟಿ ಚಹಾದ ಸಲುವಾಗಿ. ಅವರೂ ನಮ್ಮಂಗ ದೇವರ ಹೆಸರು ಹೇಳಿ ಮನಿ ಬಿಟ್ಟವರ.

ಅತ್ತ್ಯಾರ, ವೈನ್ಯಾರ, ಈ ಸಲ ಗಾಡಿ ಕಟ್ಟೂ ಹಿಂದಿನ ದಿನ ಅಂಗಳದಾಗ ಎಲ್ಲಾ ಕೂಡಿಸಿ ಒಮ್ಮೆ ಹಚ್ಚಿ ನೋಡ್ರಿ. ಹಚ್ಚೂ ಮೊದಲ ಕೂಡಿದಲ್ಲೆಲ್ಲಾ ಸಾಬಾಣ ನೀರು ಸವರ್ರಿ, ಗುಳ್ಳಿ ಎದ್ರ ಬಂದ್ ಮಾಡ್ರಿ. ಈ ಗ್ಯಾಸು ಗಾಳಿಗಿಂತ ಭಾರ, ತಗ್ಗಿನ್ಯಾಗ ನಿಂದರ್ತೈತಿ, ಟ್ರೇಲಿ ತಳದಾಗ, ತಾಡಪತ್ರಿ ಒಳಗ. ಅದಕ್ಕ ಒಲಿ ಹೊರಗ ಇಡ್ರಿ. ವಾಸನಿ ಬಂದ್ರ 1906ಕ್ಕ ಫೋನ್ ಹಚ್ರಿ, ದೂರ ನಿಂತು. ಜೋಡಿ ಕೂಡಲಿಲ್ಲಂದ್ರ ಸಿಲಿಂಡರ್ ಮನ್ಯಾಗ ಬಿಟ್ಟು ಎರಡು ಹೊರಿ ಕಟ್ಟಿಗಿ ಹೇರಸ್ರಿ. ಮತ್ತ ಆ ಕಟ್ಟಿಗಿ ಒಡಿಯೂ ಕೆಲಸ ಸಣ್ಣ ಡಬ್ಬಿ ತಂದಾಂವಗ ಹಚ್ರಿ.