ಮಗುಚಿದ ದೋಣಿಗೂ ಒಂದು ಬಹುಮಾನವಿರಲಿ

ಮಳೆಗಾಲದಲ್ಲಿ ಅಂಗಳದ ನೀರಿಗೆ ಕಾಗದದ ದೋಣಿ ಬಿಟ್ಟು ಬೆಳೆದವರು ನಾವು. ಮಳೆಯೇ ಅಪರೂಪವಾದ ಈ ಕೊಲ್ಲಿ ನಾಡಿನಲ್ಲಿ ನಮ್ಮ ಮಕ್ಕಳಿಗೆ ಆ ಭಾಗ್ಯವಿಲ್ಲವಲ್ಲ ಎಂದು ಆಗಾಗ ಮರುಗುತ್ತೇವೆ. ಆದರೆ ಈ ಸಲದ ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಕ್ಕಳು ತಂದ ಎರಡು ದೋಣಿಗಳನ್ನು ಕಂಡ ಮೇಲೆ ನಮ್ಮ ಮರುಕ ಹೋಯಿತು. ಅದರ ಜಾಗದಲ್ಲಿ ಬೇರೊಂದು ಚಿಂತೆ ಬಂದು ಕುಳಿತಿತು. ಅದನ್ನು ಪೋಷಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶ.

ಒಂದು ಹೈಡ್ರೋಫಾಯಿಲ್ ದೋಣಿ. ಇದರ ಹೊಟ್ಟೆಯ ಕೆಳಗೆ ನೀರಿನಲ್ಲಿ ಪುಟ್ಟ ರೆಕ್ಕೆಗಳಿರುತ್ತವೆ. ವೇಗ ಬಂದೊಡನೆ ದೋಣಿಯ ಒಡಲು ನೀರನ್ನು ಬಿಟ್ಟು ಮೇಲೇಳುತ್ತದೆ. ಇನ್ನೊಂದು ಗ್ರೌಂಡ್ ಎಫೆಕ್ಟ್ ದೋಣಿ. ಇದು ನೀರಿನಿಂದ ಗೇಣು ಎತ್ತರದಲ್ಲಿ, ರೆಕ್ಕೆಗೂ ನೀರಿಗೂ ನಡುವಿನ ಗಾಳಿಯನ್ನು ಮೆತ್ತೆ ಮಾಡಿಕೊಂಡು ಜಾರುತ್ತದೆ. ಎರಡನ್ನೂ ದಡದಲ್ಲಿ ನಿಂತು ರೇಡಿಯೋ ಮೂಲಕ ನಡೆಸುವುದು. ಅನುಮತಿ ಪಡೆದು, ಈಜುವವರಿಲ್ಲದ ಹಿನ್ನೀರಿನ ದಂಡೆಯಲ್ಲಿ ಪರೀಕ್ಷೆ ಇಟ್ಟುಕೊಂಡೆವು.

ಗ್ರೌಂಡ್ ಎಫೆಕ್ಟ್ ದೋಣಿ ಥಳಥಳ ಹೊಳೆಯುತ್ತಿತ್ತು. ಹಂಸದಂತೆ ಸಾಗಿತು, ಚಪ್ಪಾಳೆ ಬಿತ್ತು. ಮೂವರು ಮಕ್ಕಳು ಫೋಮ್ ಹಾಳೆ, ಅಲ್ಯೂಮಿನಿಯಂ ಪಟ್ಟಿ, ಅಂಟು ಸೇರಿಸಿ ಮಾಡಿದ ಹೈಡ್ರೋಫಾಯಿಲ್ ಕ್ಷಣಕಾಲ ಮೇಲೆದ್ದು, ಮೂತಿ ಕುಕ್ಕಿ, ಮಗುಚಿಕೊಂಡಿತು. ತೀರ್ಪುಗಾರರಾಗಿದ್ದ ನಾವು ಮೊದಲನೆಯದಕ್ಕೆ ಬಹುಮಾನ ಕೊಟ್ಟೆವು. ಆಮೇಲೆ ಆ ಹುಡುಗನನ್ನು, "ಇದಕ್ಕೆ ಬಾಲ ಇಷ್ಟು ದೊಡ್ಡದು ಏಕಪ್ಪಾ?" ಎಂದು ಕೇಳಿದರೆ, "ಪಪ್ಪನಿಗೆ ಗೊತ್ತು ಟೀಚರ್" ಎಂದ. ಮಗುಚಿದ ದೋಣಿಯ ಮಕ್ಕಳು ಒಂದು ನೋಟ್‌ಬುಕ್ ತೆರೆದು ತೋರಿಸಿದರು. ಅದರಲ್ಲಿ ಹನ್ನೊಂದು ಸೋಲುಗಳನ್ನು ಬರೆದಿಟ್ಟಿದ್ದರು. ನಾವು ಅದನ್ನು ಓದಿದ್ದು ಬಹುಮಾನ ಕೊಟ್ಟ ಮೇಲೆ. ತಪ್ಪು ನಮ್ಮದೇ.

ಕನ್ನಡ ಪಾಠ ಹೇಳುವವರಿಗೆ ದೋಣಿಯ ಗೊಡವೆ ಏಕೆ ಎನ್ನಬೇಡಿ. ಆ ನೋಟ್‌ಬುಕ್ಕಿನ ಅರ್ಧ ಕನ್ನಡದಲ್ಲೇ ಇತ್ತು. ಹೈಡ್ರೋಫಾಯಿಲ್‌ಗೆ ಮಕ್ಕಳು 'ನೀರುರೆಕ್ಕೆ' ಎಂದು ಹೆಸರಿಟ್ಟಿದ್ದರು. ಪರೀಕ್ಷೆಗೆಂದು ನಾವು ಬರೆಸಿದ ಎಷ್ಟೋ ಪ್ರಬಂಧಗಳಲ್ಲಿ ಕಾಣದ ಜೀವಂತ ಕನ್ನಡ ಅಲ್ಲಿತ್ತು, ಏಕೆಂದರೆ ಅವರಿಗೆ ಹೇಳಲು ವಿಷಯವಿತ್ತು.

ಮೂರನೆಯ ಸೋಲು: "ಏಳಲೇ ಇಲ್ಲ. ಬ್ಯಾಟರಿ ಭಾರ." ಗಾಳಿಗಿಂತ ನೀರು ಸುಮಾರು 800 ಪಟ್ಟು ಸಾಂದ್ರ, ಆದ್ದರಿಂದ ಅಂಗೈಯಗಲದ ರೆಕ್ಕೆಯೂ ದೋಣಿಯನ್ನು ಎತ್ತಬಲ್ಲದು. ವೇಗ ಎರಡರಷ್ಟಾದರೆ ಎತ್ತುವ ಬಲ ನಾಲ್ಕರಷ್ಟಾಗುತ್ತದೆ. ಆದರೆ ಭಾರ ಹೆಚ್ಚಾದರೆ ಆ ವೇಗವೇ ಬಾರದು. ಏಳನೆಯದು: "ಎದ್ದು ಎಡಕ್ಕೆ ವಾಲಿತು. ರೆಕ್ಕೆಯನ್ನು ಇಂಗ್ಲಿಷ್ ವಿ ಅಕ್ಷರದಂತೆ ಬಗ್ಗಿಸಿದೆವು." ಇದು ಜಾಣ ಉಪಾಯ. ವಿ ಆಕಾರದ ರೆಕ್ಕೆ ಮೇಲೆದ್ದಷ್ಟೂ ನೀರಿನೊಳಗೆ ಉಳಿಯುವ ಭಾಗ ಕಡಿಮೆಯಾಗಿ, ಎತ್ತುವ ಬಲ ತಾನಾಗಿ ತಗ್ಗುತ್ತದೆ. ವಾಲಿದ ಕಡೆ ಹೆಚ್ಚು ಭಾಗ ಮುಳುಗಿ ದೋಣಿಯನ್ನು ಮತ್ತೆ ಎತ್ತುತ್ತದೆ. ಅಂದು ಮಗುಚಿದ್ದೇಕೆ ಎಂಬುದನ್ನೂ ಅವರು ಮರುದಿನ ಬರೆದು ತಂದರು: ಮುಂದಿನ ರೆಕ್ಕೆಗುಂಟ ಮೇಲಿನಿಂದ ಗಾಳಿ ಇಳಿದು, ಅದು ಹಠಾತ್ತನೆ ಹಿಡಿತ ಕಳೆದುಕೊಂಡಿತ್ತು. ರೆಕ್ಕೆಗೆ ಅಡ್ಡಲಾಗಿ ಸಣ್ಣ ತಗಡಿನ ಬೇಲಿ ಕಟ್ಟುವುದು ಅವರ ಮುಂದಿನ ಯೋಜನೆ.

ದೊಡ್ಡವರ ದೋಣಿಗಳೂ ಹೀಗೆಯೇ ಹುಟ್ಟಿದವು. ಇಟಲಿಯ ಎನ್ರಿಕೊ ಫೋರ್ಲಾನಿನಿ 1906ರಲ್ಲಿ ಮಜೋರೆ ಸರೋವರದಲ್ಲಿ ಹೈಡ್ರೋಫಾಯಿಲ್ ಓಡಿಸಿದರು. ದೂರವಾಣಿಯ ಗ್ರಹಾಂ ಬೆಲ್ ಮತ್ತು ಅವರ ಜೊತೆಗಾರ ಕೇಸಿ ಬಾಲ್ಡ್ವಿನ್ ಕಟ್ಟಿದ ಎಚ್‌ಡಿ-4 ದೋಣಿ 1919ರಲ್ಲಿ ಕೆನಡಾದಲ್ಲಿ ಗಂಟೆಗೆ ಸುಮಾರು 114 ಕಿಲೋಮೀಟರ್ ವೇಗದ ದಾಖಲೆ ಮಾಡಿತು. ಹೆಸರಿನ ಆ 4ನ್ನು ಗಮನಿಸಿ. ಅದಕ್ಕೂ ಮೊದಲು ಮೂರು ದೋಣಿಗಳಾಗಿದ್ದವು. ಸೋವಿಯತ್ ಒಕ್ಕೂಟದ ರೋಸ್ತಿಸ್ಲಾವ್ ಅಲೆಕ್ಸೇಯೆವ್ 1966ರಲ್ಲಿ ಹಾರಿಸಿದ ಕೆಎಂ ಎಂಬ ಗ್ರೌಂಡ್ ಎಫೆಕ್ಟ್ ನೌಕೆ ಸುಮಾರು 92 ಮೀಟರ್ ಉದ್ದವಿತ್ತು. 'ಕ್ಯಾಸ್ಪಿಯನ್ ಸಮುದ್ರದ ದೈತ್ಯ' ಎಂದೇ ಅದು ಹೆಸರಾಯಿತು. ಅದಕ್ಕೆ ಮೊದಲು 1961ರಿಂದ ಅವರ ತಂಡ ಚಿಕ್ಕ ಚಿಕ್ಕ ಪ್ರಯೋಗ ನೌಕೆಗಳನ್ನು ಕಟ್ಟಿ ಪರೀಕ್ಷಿಸಿತ್ತು. ಇಂಥ ನೌಕೆ ನೀರಿನಿಂದ ಮೇಲೇರಿದಂತೆ ರೆಕ್ಕೆಯ ಎತ್ತುವ ಬಿಂದು ಮುಂದಕ್ಕೆ ಸರಿದು ಮೂತಿ ಮೇಲೇಳುತ್ತದೆ; ಅದನ್ನು ತಡೆಯಲೆಂದೇ ಎತ್ತರದಲ್ಲಿ ದೊಡ್ಡ ಬಾಲ. ಬಹುಮಾನ ಪಡೆದ ಹುಡುಗನಿಗೆ ದಕ್ಕದೆ ಹೋದದ್ದು ಈ ಒಂದು ವಾಕ್ಯದ ಉತ್ತರ.

ಅವನ ತಂದೆಯನ್ನು ನಾವು ದೂರುತ್ತಿಲ್ಲ. ದಿನವಿಡೀ ದುಡಿದು ಬಂದು ರಾತ್ರಿ ಮಗನಿಗಾಗಿ ದೋಣಿ ಕಟ್ಟಿದ ಆ ಪ್ರೀತಿ ದೊಡ್ಡದು. ಮಗ ನಾಲ್ಕು ಜನರೆದುರು ಸೋಲಬಾರದೆಂಬ ಆಸೆ ಯಾರಿಗಿಲ್ಲ? ಆದರೆ ನೀರಿಗಿಳಿಯದೆ ಈಜು ಬಾರದು. ಇಂದು ದೋಣಿಯ ಸೋಲನ್ನು ನಾವು ತಪ್ಪಿಸಿದರೆ, ನಾಳೆ ನಾವಿಲ್ಲದ ಕಡೆ ಮಗ ಮೊದಲ ಸೋಲಿಗೇ ಕೈಚೆಲ್ಲಬಹುದು.

ಆದ್ದರಿಂದ ಪೋಷಕರಲ್ಲಿ ನಮ್ಮ ಬಿನ್ನಹವಿಷ್ಟೇ. ಲಿಥಿಯಂ ಬ್ಯಾಟರಿ ಚಾರ್ಜ್ ಮಾಡುವಾಗ, ಬ್ಲೇಡು ಹಿಡಿಯುವಾಗ, ನೀರಿನ ದಂಡೆಯಲ್ಲಿ ನಿಲ್ಲುವಾಗ ಮಕ್ಕಳ ಜೊತೆಗಿರಿ. ಅಲ್ಲಿ ರಾಜಿ ಬೇಡ. ಉಳಿದ ಹೊತ್ತಿನಲ್ಲಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಿ. "ಏಕೆ ಹೀಗಾಯಿತು?" ಎಂದು ಕೇಳಿ, ಉತ್ತರ ಬರುವವರೆಗೆ ಕಾಯಿರಿ. ಶಿಕ್ಷಕರಾದ ನಾವೂ ಬದಲಾಗಬೇಕು. ಮುಂದಿನ ವರ್ಷದಿಂದ ಮಾದರಿಗೆ ಅರ್ಧ ಅಂಕ, ಸೋಲಿನ ನೋಟ್‌ಬುಕ್ಕಿಗೆ ಇನ್ನರ್ಧ ಅಂಕ ಇರಲಿ ಎಂಬುದು ನಮ್ಮ ಅಭಿಪ್ರಾಯ. ಆ ನೋಟ್‌ಬುಕ್ ಮಕ್ಕಳು ಮನೆಯಲ್ಲಿ ಆಡುವ ಭಾಷೆಯಲ್ಲಿದ್ದರೂ ಸ್ವೀಕರಿಸೋಣ.

ಮಕ್ಕಳೇ, ಮಗುಚಿದ ದೋಣಿಯನ್ನು ನಾಚಿಕೆಯಿಂದ ಬ್ಯಾಗಿನಲ್ಲಿ ಬಚ್ಚಿಡಬೇಡಿ. ಉಪ್ಪುನೀರು ಹೋಗುವಂತೆ ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಹನ್ನೆರಡನೆಯ ಪುಟ ತೆರೆಯಿರಿ. ಈ ಸಲ ಅದನ್ನು ಬಹುಮಾನಕ್ಕಿಂತ ಮೊದಲೇ ಓದುತ್ತೇವೆ.