ಸೊನ್ನೆ ತೋರಿಸಿದ ಚಕ್ರ ನಡುಗಿದ್ದೇಕೆ?

ಹೋದ ತಿಂಗಳು ಮಗ ತನ್ನ ಕಾರಿಗೆ ನಾಲ್ಕು ಅಲಾಯ್ ಚಕ್ರ ಹಾಕಿಸಿಕೊಂಡು ಬಂದ. ಹೊಸವಲ್ಲ, ಯಾರೋ ಬಿಚ್ಚಿ ಮಾರಿದ್ದವು. ಟಯರೂ ಅವುಗಳ ಜೊತೆಗೇ. ಕಾರು ಮದುವೆ ಗಂಡಿನ ಹಾಗೆ ಹೊಳೆಯುತ್ತಿತ್ತು. ಹಳೆಯ ಕಬ್ಬಿಣದ ಚಕ್ರಗಳನ್ನು ಗುಜರಿಗೆ ಹಾಕುತ್ತೇನೆ ಎಂದ. "ಇರಲಿ ಬಿಡಪ್ಪಾ" ಎಂದು ನಾನು ಮೆಟ್ಟಿಲ ಕೆಳಗೆ ಇಡಿಸಿದೆ. ಮುದುಕರು ಏನನ್ನೂ ಎಸೆಯಲು ಬಿಡುವುದಿಲ್ಲ ಎಂಬ ಮಾತು ಬಂತು. ಬರಲಿ.

ಊರೊಳಗೆ ಎಲ್ಲ ಚೆನ್ನಾಗಿಯೇ ಇತ್ತು. ಭಾನುವಾರ ತುಮಕೂರು ದಾಟಿ ಶಿರಾ ಕಡೆ ಹೊರಟಾಗ ವೇಗ 80 ಮುಟ್ಟಿತೋ ಇಲ್ಲವೋ, ಸ್ಟೀರಿಂಗ್ ಗಡಗಡ ನಡುಗತೊಡಗಿತು. "ತಾತಾ, ಬಾಟಲಿ ನೀರು ಕುಣೀತಿದೆ ನೋಡಿ" ಎಂದಳು ಹಿಂದಿನ ಸೀಟಿನ ಮೊಮ್ಮಗಳು. ಅವಳಿಗೆ ಆಟ, ನನಗೆ ಎದೆ ಡವಡವ. ಮಗ ನಿಧಾನವಾಗಿ ಪಕ್ಕಕ್ಕೆ ತಂದು ನಿಲ್ಲಿಸಿದ. ಮೊದಲು ನೋಡಿದ್ದು ನಟ್‌ಗಳನ್ನು. ಅವು ಸಡಿಲವಾಗಿದ್ದರೆ ಚಕ್ರವೇ ಕಳಚಿಕೊಂಡೀತು. ಬಿಗಿಯಾಗಿದ್ದವು. ಪ್ರಯಾಣ ಅಲ್ಲಿಗೇ ಬಿಟ್ಟು, 60 ದಾಟದೆ ಮನೆಗೆ ಬಂದೆವು.

ಅಂಗಡಿಯವರು "ಅಲೈನ್‌ಮೆಂಟ್ ಮಾಡಿಸಿ" ಎಂದರು. ಮಾಡಿಸಿದ, ನಡುಕ ಹಾಗೇ ಇತ್ತು. ಅಲೈನ್‌ಮೆಂಟ್ ಎಂದರೆ ಚಕ್ರ ಯಾವ ದಿಕ್ಕಿಗೆ ಮುಖ ಮಾಡಿದೆ ಎಂಬ ಲೆಕ್ಕ. ಅದು ತಪ್ಪಿದರೆ ಕಾರು ಒಂದು ಕಡೆಗೆ ಎಳೆಯುತ್ತದೆ, ಟಯರು ಓರೆಯಾಗಿ ಸವೆಯುತ್ತದೆ. ನಡುಕಕ್ಕೆ ಹೆಚ್ಚಾಗಿ ಕಾರಣ ತೂಕದ ಏರುಪೇರು. ಅದನ್ನು ನೋಡುವುದು ಬ್ಯಾಲೆನ್ಸಿಂಗ್. ಅದನ್ನೂ ಮಾಡಿಸಿದ. ಯಂತ್ರ ನಾಲ್ಕಕ್ಕೂ ಸೊನ್ನೆ ತೋರಿಸಿತು. ಆದರೂ ನಡುಕ!

ಮಕ್ಕಳೇ, ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದಿದ್ದರೆ ನಾವು ವ್ಯತ್ಯಾಸವನ್ನು 9ರಿಂದ ಭಾಗಿಸುತ್ತಿದ್ದೆವು. ಶೇಷ ಉಳಿಯದಿದ್ದರೆ ಯಾರೋ 63ನ್ನು 36 ಎಂದು ಬರೆದಿರಬಹುದೆಂಬ ಗುಮಾನಿ. ನೀವೂ ಯಾವುದಾದರೂ ಸಂಖ್ಯೆಯನ್ನು ತಿರುಗಿಸಿ ಕಳೆದು ನೋಡಿ. ಹಾಗೆಯೇ ಇಲ್ಲಿಯೂ ತಪ್ಪು ಎಲ್ಲಿ ಇಲ್ಲ ಎಂಬುದನ್ನು ಮೊದಲು ಹುಡುಕೋಣ ಎಂದೆ. ಮೆಟ್ಟಿಲ ಕೆಳಗಿನ ಚಕ್ರಗಳನ್ನೇ ಮತ್ತೆ ಹಾಕಿಸಿ ಹೆದ್ದಾರಿಗೆ ಹೋದೆವು. ಮೊಮ್ಮಗಳು ನೋಟ್‌ಬುಕ್ಕಿನಲ್ಲಿ ಬರೆದಳು: "95 — ನೀರು ಅಲುಗಲಿಲ್ಲ." ಅಂದರೆ ಕಾರಿನದು ತಪ್ಪಲ್ಲ, ಹೊಸದಾಗಿ ಬಂದ ಚಕ್ರಗಳದು.

ಹಾಗಾದರೆ ಯಂತ್ರ ಸುಳ್ಳು ಹೇಳಿತೇ? ಇಲ್ಲ. ಯಂತ್ರದಲ್ಲಿ ಚಕ್ರವನ್ನು ಅದರ ನಡುವಿನ ತೂತಿಗೆ ಶಂಕುವೊಂದನ್ನು ಒತ್ತಿ ಕೂರಿಸುತ್ತಾರೆ, ಕರಾರುವಾಕ್ಕಾಗಿ ಮಧ್ಯಕ್ಕೆ. ಕಾರಿನಲ್ಲಿ ಆ ತೂತು ಹಬ್ಬಿನ ಉಬ್ಬಿನ ಮೇಲೆ ಕೂರಬೇಕು. ನಮ್ಮ ಪರಿಚಯದ ಮೆಕ್ಯಾನಿಕ್ ಅಳೆದು ತೋರಿಸಿದ. ಹಬ್ಬಿನ ಅಗಲ 54 ಮಿಲಿಮೀಟರ್, ಅಲಾಯ್ ಚಕ್ರದ ತೂತು 73. ಬೇರೆ ಬೇರೆ ಕಾರುಗಳಿಗೆ ಆಗಲೆಂದು ತೂತನ್ನು ದೊಡ್ಡದಾಗಿಯೇ ಮಾಡಿರುತ್ತಾರೆ. ಸುತ್ತಲೂ ಒಂಬತ್ತೂವರೆ ಮಿಲಿಮೀಟರ್ ಸಂದು. ಚಕ್ರವನ್ನು ಮಧ್ಯದಲ್ಲಿ ಹಿಡಿಯಲು ನಟ್‌ಗಳು ಮಾತ್ರ. ಒಂದು ನಟ್ಟನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದರೆ ಚಕ್ರ ಕೂದಲೆಳೆಯಷ್ಟು ಓರೆಗೆ ಕೂತುಬಿಡುತ್ತದೆ.

ಕೂದಲೆಳೆಗೆ ಇಷ್ಟು ರಾದ್ಧಾಂತವೇ ಎಂದಳು ಮೊಮ್ಮಗಳು. ಲೆಕ್ಕ ಹಾಕಿದೆವು. 90 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 25 ಮೀಟರ್. ನಮ್ಮ ಚಕ್ರದ ಒಂದು ಸುತ್ತು ಸುಮಾರು 1.95 ಮೀಟರ್. ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 13 ಸುತ್ತು! ಆ ವೇಗದಲ್ಲಿ ರಿಮ್ಮಿನ ಅಂಚಿನ ಬರೀ 20 ಗ್ರಾಂ ಹೆಚ್ಚುವರಿ ತೂಕ ಎರಡು ಕಿಲೋಗೂ ಮಿಕ್ಕಿದ ಜೋರಿನಲ್ಲಿ ಹೊರಕ್ಕೆ ಎಳೆಯುತ್ತದೆ. ವೇಗ ಅರ್ಧವಾದರೆ ಎಳೆತ ಕಾಲುಭಾಗಕ್ಕಿಳಿಯುತ್ತದೆ. ಊರೊಳಗೆ ಗೊತ್ತಾಗದಿದ್ದುದು ಅದಕ್ಕೇ.

ಸಂದು ತುಂಬಲು ಹಬ್ ರಿಂಗ್ ಎಂಬ ಬಳೆಗಳು ಸಿಗುತ್ತವೆ. ನಾಲ್ಕು ತಂದು, ಹಬ್ಬಿನ ತುಕ್ಕು ಉಜ್ಜಿ, ನಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಸ್ಟೀರಿಂಗ್ ನಡುಕ ಮಾಯ. ಮಗ ಕುಣಿದಾಡಿದ.

"ಆದ್ರೆ ನನ್ನ ಸೀಟು ಇನ್ನೂ ಜುಮ್ ಅಂತಿದೆ" ಎಂದಳು ಮೊಮ್ಮಗಳು.

ಸ್ಟೀರಿಂಗ್ ನಡುಗಿದರೆ ಸಾಮಾನ್ಯವಾಗಿ ಮುಂದಿನ ಚಕ್ರ, ಸೀಟು ನಡುಗಿದರೆ ಹಿಂದಿನದು. (ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ನೋಡಬೇಕು.) ಮೆಕ್ಯಾನಿಕ್ ಹಿಂದಿನ ಚಕ್ರವನ್ನು ಜಾಕಿನ ಮೇಲೆತ್ತಿ, ರಿಮ್ಮಿನ ಪಕ್ಕ ಒಂದು ಪೆನ್ಸಿಲ್ ಅಲುಗದಂತೆ ಹಿಡಿದು, ಕೈಯಲ್ಲಿ ತಿರುಗಿಸಿದ. ಎಡಗಡೆಯದು ಸರಾಗ. ಬಲಗಡೆಯದರ ಒಳ ಅಂಚು ಪ್ರತಿ ಸುತ್ತಿಗೂ ಪೆನ್ಸಿಲಿನತ್ತ ಬಂದು ದೂರ ಸರಿಯುತ್ತಿತ್ತು. ಹಳೆಯ ಯಜಮಾನ ಯಾವುದೋ ಗುಂಡಿಗೆ ಇಳಿಸಿರಬೇಕು. ಹೊರಗಿನಿಂದ ನೋಡಿದರೆ ಏನೂ ಕಾಣದು.

ಕಾಯಿಸಿ ಬಡಿದು ನೇರ ಮಾಡಿಕೊಡುವವರಿದ್ದಾರೆ ಎಂದ ಮಗ. ಸೊಟ್ಟಗಾದ ಅಲಾಯನ್ನು ಬಡಿದರೆ ಕಣ್ಣಿಗೆ ಕಾಣದ ಬಿರುಕು ಬರಬಹುದು. ಅಂಥ ಚಕ್ರದ ಮೇಲೆ ನನ್ನ ಮೊಮ್ಮಗಳನ್ನು ಕೂರಿಸಬೇಡ ಎಂದೆ, ಸ್ವಲ್ಪ ಗಟ್ಟಿಯಾಗಿಯೇ. ಎರಡು ದಿನ ಮಾತಿಲ್ಲ. ಮೂರನೆಯ ದಿನ ಅವನೇ ನಾಲ್ಕೂ ಕಬ್ಬಿಣದ ಚಕ್ರ ಹಾಕಿಸಿ ತಂದ.

ಈಗ ಮೆಟ್ಟಿಲ ಕೆಳಗೆ ಅಲಾಯ್ ಚಕ್ರಗಳಿವೆ. ಅವುಗಳನ್ನು ಎಸೆಯಲು ಮಗ ಬಿಡುತ್ತಿಲ್ಲ.