ಸಂಗಾತಿಗೂ ಔಷಧಿ: ಆಕ್ಷೇಪಗಳಿಗೆ ಉತ್ತರ

ಹದಿಹರೆಯದವರಿಗೆ ಲೈಂಗಿಕ ಸೋಂಕು ತಗುಲಿದರೆ ಸಂಗಾತಿಗೂ ಚಿಕಿತ್ಸೆ ಆಗಬೇಕು ಅಂದ ಕೂಡಲೇ ಹುಬ್ಬಳ್ಳಿ-ಧಾರವಾಡದಲ್ಲಿ ಬರುವ ಮೊದಲ ಮಾತು, ‘ಇದು ದಾರಿ ತಪ್ಪಲು ಪರವಾನಗಿ ಕೊಟ್ಟಂತೆ’. ಹೀಗೆನ್ನುವವರ ಕಣ್ಣಿಗೆ ಸಪ್ತಾಪುರದ ಪಿ.ಜಿ.ಗಳಲ್ಲಿರುವ ವಿದ್ಯಾರ್ಥಿಗಳಷ್ಟೇ ಬೀಳುತ್ತಾರೆ. ಹದಿನೆಂಟು ತುಂಬುತ್ತಲೇ ಲಗ್ನವಾಗಿ ಬಂದ ಸೊಸೆಯಂದಿರೂ ಹದಿಹರೆಯದವರೇ. ಹತ್ತೊಂಬತ್ತರ ಸೊಸೆಗೆ ಬಿಳಿಸೆರಗು, ಉರಿಮೂತ್ರ. ಅತ್ತೆಯೊಂದಿಗೆ ಬಂದು ಮಾತ್ರೆ ನುಂಗಿ ಹೋಗುತ್ತಾಳೆ. ಗಂಡನಿಗೆ ತೊಂದರೆಯೇನೂ ಕಾಣದು, ಅವನು ಬರುವುದಿಲ್ಲ. ಕೆಲವೇ ವಾರಗಳಲ್ಲಿ ಅವಳಿಗೆ ಮತ್ತದೇ ಕಾಟ. ‘ಈಕಿಗೇ ಏನೋ ಐತಿ’ ಎಂಬ ಮಾತು ಮನೆಯಲ್ಲಿ ಶುರುವಾಗುತ್ತದೆ. ಇಲ್ಲಿ ದಾರಿ ತಪ್ಪಿದವರು ಯಾರು?

‘ರೋಗವಿದ್ದರೆ ಅವನೇ ಬರುತ್ತಾನೆ’ ಎನ್ನುವವರಿಗೆ ಕ್ಲಮಿಡಿಯಾ ಗೊತ್ತಿಲ್ಲ. ಹೆಚ್ಚಿನವರಲ್ಲಿ ಅದು ಸದ್ದಿಲ್ಲದೆ ಇರುತ್ತದೆ. ಹೆಣ್ಣಿನಲ್ಲಿ ಗರ್ಭನಾಳಕ್ಕೇರಿ ಬಂಜೆತನಕ್ಕೂ ಕಾರಣವಾಗಬಲ್ಲದು. ಬಿಳಿಸೆರಗೆಲ್ಲ ಲೈಂಗಿಕ ಸೋಂಕಲ್ಲ, ನಿಜ. ಆದರೆ ಗರ್ಭಕಂಠದ ಸೋಂಕಾಗಿದ್ದರೆ ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳು ಕೊಡುತ್ತ ಬಂದಿರುವ ಬೂದು ಬಣ್ಣದ ಪೊಟ್ಟಣವಿದೆ: ಅಜಿಥ್ರೊಮೈಸಿನ್ 1 ಗ್ರಾಂ, ಸೆಫಿಕ್ಸಿಮ್ 400 ಮಿ.ಗ್ರಾಂ. ಒಂದೇ ಸಲ ನುಂಗುವ ಔಷಧಿ, ದುಡ್ಡಿಲ್ಲ. ಅದು ಸಿಗದ ಹುಡುಗ ಗೋಡೆ ಮೇಲಿನ ‘ಗುಪ್ತರೋಗ ತಜ್ಞ’ರ ಜಾಹೀರಾತು ನೋಡಿ ಲಾಡ್ಜಿನ ಮೆಟ್ಟಿಲು ಹತ್ತುತ್ತಾನೆ.

ತೂಕದ ಆಕ್ಷೇಪವೆಂದರೆ ಪೋಕ್ಸೊ. 2012ರ ಆ ಕಾಯ್ದೆಯ 19ನೇ ಕಲಮಿನ ಪ್ರಕಾರ, 18 ತುಂಬದವರೊಂದಿಗಿನ ಲೈಂಗಿಕ ಸಂಪರ್ಕ ಗೊತ್ತಾದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸಲಿ. ದೊಡ್ಡವನೊಬ್ಬ ಮಗುವಿಗೆ ಸೋಂಕು ಅಂಟಿಸಿದ್ದರೆ ಅವನು ಸಂಗಾತಿಯಲ್ಲ, ಆರೋಪಿ. ಆದರೆ ತಿಳಿಸು ಎಂದ ಕಾಯ್ದೆ ಔಷಧಿ ತಡೆಹಿಡಿ ಎಂದಿಲ್ಲ. ಪೊಲೀಸ್ ಪತ್ರಕ್ಕೆ ಕಾಯದೆ ಮಗುವಿಗೆ ಲೈಂಗಿಕ ಸೋಂಕಿನ ಚಿಕಿತ್ಸೆಯನ್ನೂ ಕೊಡಬೇಕೆಂದು 2020ರ ಪೋಕ್ಸೊ ನಿಯಮಗಳೇ ಹೇಳುತ್ತವೆ. ಪರಸ್ಪರ ಒಲಿದ ಹದಿನಾರು-ಹದಿನೇಳರ ಮಕ್ಕಳ ಪ್ರಕರಣಗಳನ್ನು ಕಂಡು ನಮ್ಮ ಧಾರವಾಡದ ಹೈಕೋರ್ಟ್ ಪೀಠವೇ 2022ರ ನವೆಂಬರಿನಲ್ಲಿ, ಒಪ್ಪಿಗೆಯ ವಯಸ್ಸನ್ನು ಮರುಪರಿಶೀಲಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ವಯಸ್ಸು ಇಳಿಸಲು ಆಯೋಗ 2023ರಲ್ಲಿ ಒಪ್ಪಲಿಲ್ಲ. ಶಿಕ್ಷೆಯಲ್ಲಿ ನ್ಯಾಯಾಧೀಶರಿಗೆ ವಿವೇಚನೆ ಇರಲಿ ಎಂದಿತು. ಚರ್ಚೆ ನಡೆಯಲಿ, ಸೋಂಕಂತೂ ತೀರ್ಪಿಗೆ ಕಾಯುವುದಿಲ್ಲ. ಇಬ್ಬರಿಗೂ ಹದಿನೆಂಟು ದಾಟಿ, ಒಪ್ಪಿಗೆಯೂ ಇರುವಲ್ಲಿ ಪೋಕ್ಸೊ ಬರುವುದೇ ಇಲ್ಲ. ಅಲ್ಲಿಯೂ ಅದನ್ನೇ ಗುರಾಣಿ ಮಾಡಿಕೊಳ್ಳುವುದು ನನಗೆ ಸಿಟ್ಟು ತರಿಸುತ್ತದೆ.

ಇನ್ನು, ನೋಡದ ರೋಗಿಗೆ ಮಾತ್ರೆ ಕಳಿಸುವುದು ಹೇಗೆ? ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ಕಳಿಸಿ ನೋಡಿದ್ದಾರೆ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸೋಂಕು ಉಳಿದವರ, ಮರುಕಳಿಸಿದವರ ಪ್ರಮಾಣ ಶೇ 13ರಿಂದ ಶೇ 10ಕ್ಕೆ ಇಳಿಯಿತು. ಹಾಗೆಂದು ಎಲ್ಲರಿಗೂ ಕಳಿಸಲಾಗದು. ಔಷಧಿ ಒಗ್ಗದವರಿದ್ದಾರೆ, ಸಿಫಿಲಿಸ್‌ಗೆ ಇಂಜೆಕ್ಷನ್ನೇ ಬೇಕು, ಸಂಗಾತಿ ಗರ್ಭಿಣಿಯಾಗಿದ್ದರೆ ಪರೀಕ್ಷಿಸಲೇಬೇಕು. ಗಂಡನ ಕೈಗೆ ಮಾತ್ರೆ ಕೊಟ್ಟು ಏಟು ತಿನ್ನುವ ಹುಡುಗಿಯರೂ ಇದ್ದಾರೆ. ಆದ್ದರಿಂದ ಮೊದಲು ಕೇಳಬೇಕಾದದ್ದು ಅವಳನ್ನೇ, ಅತ್ತೆಯನ್ನು ಹೊರಗೆ ಕೂರಿಸಿ: ‘ಮನ್ಯಾಗ ಹೇಳಿದ್ರ ನಿನಗ ಹೊಡೀತಾರೇನವಾ?’ ಇಲ್ಲ ಎಂದರೆ ಅವನ ಕೈಗೆ ತಲುಪುವ ಚೀಟಿ ಬರೆದುಕೊಡಿ. ಕೂಲಿ ಬಿಡಲಾಗದವನಿಗಾಗಿ ಹುಬ್ಬಳ್ಳಿಯ ಕಿಮ್ಸ್ (ಈಗಿನ ಕೆಎಂಸಿಆರ್‌ಐ) ಆಸ್ಪತ್ರೆಯಲ್ಲೂ ಜಿಲ್ಲಾ ಆಸ್ಪತ್ರೆಯಲ್ಲೂ ವಾರಕ್ಕೊಂದು ಸಂಜೆ ಸುರಕ್ಷಾ ಕ್ಲಿನಿಕ್ ತೆರೆದಿರಲಿ.